ಬಿ.ಎ. ಓದಿದವರು ಏನಾದರು?

ನವೆಂಬರ್ ಒಂದನೆಯ ತಾರೀಖು ಫರೀದಾಬಾದಿನ ಕನ್ನಡಿಗರಾದ ನಮಗೆ ಎರಡು ಹಬ್ಬಗಳ ದಿನ. 1956ರಲ್ಲಿ ಕನ್ನಡ ನಾಡು ಒಂದಾದುದು ಅಂದೇ. ಹತ್ತು ವರ್ಷಗಳ ತರುವಾಯ, 1966ರಲ್ಲಿ, ನಮಗೆ ಅನ್ನವಿತ್ತ ಹರಿಯಾಣ ರಾಜ್ಯ ಹುಟ್ಟಿದುದೂ ಅಂದೇ. ಹಬ್ಬದ ದಿನ ನಾಲ್ಕು ಮನೆಯವರು ಕಲೆತಲ್ಲಿ ಮಕ್ಕಳ ಓದಿನ ಮಾತು ಬಾರದೆ ಇರದು. ನಮ್ಮದು ಕಾರ್ಖಾನೆಗಳ ಊರು. ಜಲವಿದ್ಯುತ್ ನಿಗಮದ ಕೇಂದ್ರ ಕಚೇರಿಯೂ ಇಂಡಿಯನ್ ಆಯಿಲ್ ಸಂಸ್ಥೆಯ ಸಂಶೋಧನಾ ಕೇಂದ್ರವೂ ಇರುವ ಊರು. ಇಂಥ ಊರಿನಲ್ಲಿ ಮನೆಯ ಹುಡುಗಿಯೊಬ್ಬಳು "ನಾನು ಬಿ.ಎ.ಗೆ ಸೇರಿ ಚರಿತ್ರೆ ಓದುತ್ತೇನೆ" ಎಂದರೆ, "ಓದಿ ಏನಾಗುತ್ತೀಯೆ?" ಎಂಬ ಪ್ರಶ್ನೆ ಹಿರಿಯರ ಬಾಯಿಂದ ತಾನಾಗಿ ಹೊರಡುತ್ತದೆ. ಪ್ರಶ್ನೆ ತಪ್ಪಲ್ಲ. ಆದರೆ ಉತ್ತರವನ್ನು ಊಹಿಸುವುದಕ್ಕಿಂತ ಹಿಂದೆ ಓದಿದವರ ಬಾಳಿನಲ್ಲಿ ಹುಡುಕುವುದು ಲೇಸು.

ಕನ್ನಡ ನಾಡಿನಲ್ಲಿ ಈ ವಿದ್ಯೆಯ ದೊಡ್ಡ ಮನೆ ಮೈಸೂರಿನ ಮಹಾರಾಜಾ ಕಾಲೇಜು. ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ತೆರೆದ ಇಂಗ್ಲಿಷ್ ಶಾಲೆಯೇ ಅದರ ಬೇರು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಗುವವರೆಗೆ ನಮ್ಮವರು ಮದರಾಸು ವಿಶ್ವವಿದ್ಯಾನಿಲಯದ ಪದವಿಗೇ ಕಾಯಬೇಕಾಗಿತ್ತು. ಆ ಕಾಲದಲ್ಲಿ ಪದವಿಯೆಂದರೆ ಸರ್ಕಾರಿ ಹುದ್ದೆಯ ಹೆಬ್ಬಾಗಿಲು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 1914ರಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿ ಮೈಸೂರು ಸಿವಿಲ್ ಸರ್ವಿಸ್ ಸೇರಿದರು. ಮುಂದೆ ರಾಜೀನಾಮೆಯಿತ್ತು ಹೊರಬಂದರು. 1927ರಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾದಾಗ, ಕನ್ನಡ ಓದಿದರೆ ಹೊಟ್ಟೆ ತುಂಬೀತೇ ಎಂದು ಸಂದೇಹಪಡಲು ಕಾರಣವಿಲ್ಲದೆ ಇರಲಿಲ್ಲ. ಆ ಮೊದಲ ತಂಡದಲ್ಲಿ ಕುಳಿತ ಕುವೆಂಪು ಅವರು 1929ರಲ್ಲಿ ಅಲ್ಲಿಯೇ ಅಧ್ಯಾಪಕರಾದರು; 1956ರಲ್ಲಿ ಅದೇ ವಿಶ್ವವಿದ್ಯಾನಿಲಯದ ಉಪಕುಲಪತಿಗಳಾದರು.

ಇನ್ನು ಆ ಕಾಲೇಜಿನಿಂದ ನಮ್ಮಂತೆಯೇ ಉತ್ತರಕ್ಕೆ ಬಂದವರನ್ನು ನೋಡೋಣ. ಎಂ. ಎನ್. ಶ್ರೀನಿವಾಸರು 1936ರಲ್ಲಿ ಬಿ.ಎ. ಆನರ್ಸ್ ಮುಗಿಸಿ, ಮುಂಬಯಿಯಲ್ಲಿ ಘುರ್ಯೆಯವರ ಬಳಿ ಸಮಾಜಶಾಸ್ತ್ರ ಕಲಿತು, ಆಕ್ಸ್‌ಫರ್ಡಿಗೆ ಹೋಗಿ 1947ರಲ್ಲಿ ಡಾಕ್ಟರೇಟ್ ಪಡೆದರು. ಬರೋಡದಲ್ಲಿ ಪ್ರಾಧ್ಯಾಪಕ ಪೀಠವೇರಿದುದು 1951ರಲ್ಲಿ. ಪದವಿಗೂ ಪೀಠಕ್ಕೂ ನಡುವೆ ಹದಿನೈದು ವರ್ಷ! 1959ರಲ್ಲಿ ಅವರು ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸಿನಲ್ಲಿ ಸಮಾಜಶಾಸ್ತ್ರ ವಿಭಾಗವನ್ನು ಕಟ್ಟಿದರು. ಎಚ್. ವೈ. ಶಾರದಾ ಪ್ರಸಾದರದು ಇನ್ನೊಂದು ದಾರಿ. ಕಾಲೇಜಿನ ದಿನಗಳಲ್ಲೇ 1942ರ ಚಳವಳಿಯಲ್ಲಿ ಸೆರೆಮನೆ ಕಂಡರು. ಮುಂಬಯಿಯಲ್ಲಿ ಪತ್ರಿಕಾ ವೃತ್ತಿ ಹಿಡಿದರು. 1955-56ರಲ್ಲಿ ನೀಮನ್ ಫೆಲೋ ಆಗಿ ಹಾರ್ವರ್ಡಿನಲ್ಲಿದ್ದರು. ದೆಹಲಿಗೆ ಬಂದು 'ಯೋಜನಾ' ಪತ್ರಿಕೆಯ ಸಂಪಾದಕರಾಗಿ, ಮುಂದೆ ಇಂದಿರಾ ಗಾಂಧಿಯವರ ವಾರ್ತಾ ಸಲಹೆಗಾರರಾದರು. ಎಸ್. ಎಲ್. ಭೈರಪ್ಪನವರು ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡು, ಸಿಕ್ಕ ಕೆಲಸ ಮಾಡುತ್ತ ಓದಿದವರು. ಮೈಸೂರಿನಲ್ಲಿ ತತ್ತ್ವಶಾಸ್ತ್ರದ ಎಂ.ಎ., ಬರೋಡದಲ್ಲಿ ಡಾಕ್ಟರೇಟ್. ಹುಬ್ಬಳ್ಳಿ, ಗುಜರಾತುಗಳಲ್ಲಿ ಪಾಠ ಹೇಳಿ ದೆಹಲಿಯ ಎನ್.ಸಿ.ಇ.ಆರ್.ಟಿ.ಗೆ ಬಂದು, ಕಡೆಗೆ ಮೈಸೂರಿಗೇ ಮರಳಿದರು. 2025ರಲ್ಲಿ ಅವರು ತೀರಿಕೊಂಡಾಗ ಕನ್ನಡಿಗರೆಲ್ಲರೂ ಮರುಗಿದರು.

ಹೆಸರಾದವರನ್ನು ಮಾತ್ರ ಎಣಿಸಿದರೆ ಲೆಕ್ಕ ತಪ್ಪುತ್ತದೆಯೆಂಬುದನ್ನು ನಾವು ಬಲ್ಲೆವು. ಬಿ.ಎ. ಮಾಡಿ ಗುಮಾಸ್ತೆಯಾಗಿ, ಮೇಷ್ಟರಾಗಿ ಬಾಳು ಸವೆಸಿದವರು ಎಷ್ಟೋ ಮಂದಿ. ಅವರ ಸಂಬಳದಿಂದಲೇ ಎಷ್ಟೋ ಮನೆಗಳ ತಮ್ಮಂದಿರು ಎಂಜಿನಿಯರುಗಳಾದರು. ಅವರನ್ನು ಸೋತವರೆನ್ನುವುದು ನಮಗೆ ಸಲ್ಲದು. ಹಾಗೆಂದು, ಪದವಿಯೊಂದೇ ಅನ್ನವಿಕ್ಕಿತೆಂದೂ ಈ ಚರಿತ್ರೆ ಹೇಳುವುದಿಲ್ಲ. ಮೇಲಿನ ಒಬ್ಬೊಬ್ಬರ ಬಾಳಿನಲ್ಲಿಯೂ ಬಿ.ಎ. ಮೊದಲ ಮೆಟ್ಟಿಲು, ಎರಡನೆಯ ಮೆಟ್ಟಿಲು ಬೇರೆ ಇತ್ತು. ಒಬ್ಬರಿಗೆ ಸಿವಿಲ್ ಸರ್ವಿಸ್, ಇಬ್ಬರಿಗೆ ಡಾಕ್ಟರೇಟ್, ಮತ್ತೊಬ್ಬರಿಗೆ ಪತ್ರಿಕಾ ವೃತ್ತಿ. ತೆಂಗಿನ ಸಸಿ ನೆಟ್ಟವನು ಮರುವರ್ಷವೇ ಕಾಯಿ ಕೇಳುವುದಿಲ್ಲ.

ನಮ್ಮ ಊರಿನ ಕಥೆಯೂ ಇದಕ್ಕೆ ಸಾಕ್ಷಿ. ದೇಶ ಇಬ್ಭಾಗವಾದಾಗ ವಾಯವ್ಯ ಗಡಿನಾಡಿನಿಂದ ಬಂದ ಸುಮಾರು 50,000 ನಿರಾಶ್ರಿತರಿಗೆ ನೆಲೆಯಾಗಿ ಎದ್ದುದು ಇಲ್ಲಿಯ ಎನ್.ಐ.ಟಿ., ಎಂದರೆ ಹೊಸ ಕೈಗಾರಿಕಾ ನಗರ. ಆ ಕಾರ್ಯಕ್ಕೆ ಹೆಗಲು ಕೊಟ್ಟವರಲ್ಲಿ ಮುಖ್ಯರು, 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು. ಅವರು ಲಂಡನ್ನಿನ ಬೆಡ್‌ಫರ್ಡ್ ಕಾಲೇಜಿನಲ್ಲಿ ಓದಿದುದು ಸಮಾಜಶಾಸ್ತ್ರ. ಇಂಡಿಯನ್ ಕೋ-ಆಪರೇಟಿವ್ ಯೂನಿಯನ್ನಿನ ಮೂಲಕ ಇಲ್ಲಿ ಮಾಡಿದುದು, ಮನೆಮಾರು ಕಳೆದುಕೊಂಡವರು ಸಹಕಾರದಿಂದ ತಮ್ಮ ಕಾಲ ಮೇಲೆ ನಿಲ್ಲುವಂತೆ ನೆರವಾದುದು. ಯಂತ್ರಗಳ ಊರೆಂದು ನಾವು ಹೆಮ್ಮೆಪಡುವ ಈ ನಗರದ ತಳಪಾಯದಲ್ಲಿ ಮನುಷ್ಯರನ್ನು ಅರಿಯುವ ವಿದ್ಯೆಯೂ ಬೆರೆತಿದೆ.

ಇಂದು ಇದೇ ವಿದ್ಯೆ ಲಿಬರಲ್ ಆರ್ಟ್ಸ್ ಎಂಬ ಹೊಸ ಹೆಸರು ತಳೆದು, ಹರಿಯಾಣದ ಸೋನಿಪತ್‌ನಲ್ಲಿ 2014ರಲ್ಲಿ ತೆರೆದ ಅಶೋಕ ವಿಶ್ವವಿದ್ಯಾನಿಲಯದಂಥ ಕಡೆಗಳಲ್ಲಿ ಭಾರಿ ಶುಲ್ಕಕ್ಕೆ ದೊರೆಯುತ್ತಿದೆ. ದೆಹಲಿ ವಿಶ್ವವಿದ್ಯಾನಿಲಯದ ಕಾಲೇಜುಗಳಲ್ಲಿ 2022ರಿಂದ ಸಿ.ಯು.ಇ.ಟಿ. ಪರೀಕ್ಷೆಯ ಮೂಲಕ ಕಡಮೆ ವೆಚ್ಚಕ್ಕೂ ದೊರೆಯುತ್ತಿದೆ. ಆದುದರಿಂದ ಮನೆಯ ಹುಡುಗಿ ಬಿ.ಎ. ಎಂದಾಗ, "ಏನಾಗುತ್ತೀಯೆ?" ಎಂದು ಬಾಯಿ ಮುಚ್ಚಿಸದೆ, "ನಿನ್ನ ಎರಡನೆಯ ಮೆಟ್ಟಿಲು ಯಾವುದಮ್ಮ?" ಎಂದು ಕೇಳೋಣ. ಅದನ್ನು ಹತ್ತಲು ಬೇಕಾಗುವ ಐದಾರು ವರ್ಷ ಕಾಯುವ ಶಕ್ತಿ ನಮಗಿದೆಯೇ ಎಂದು ನಮ್ಮನ್ನೂ ಕೇಳಿಕೊಳ್ಳೋಣ. ಎಲ್ಲ ಮನೆಗಳಿಗೂ ಆ ಶಕ್ತಿ ಇರಲಾರದು. ಇಲ್ಲದ ಮನೆಯ ಮಗುವಿಗೆ ಒಂದು ವರ್ಷದ ಪುಸ್ತಕದ ಖರ್ಚನ್ನೋ ಪರೀಕ್ಷೆಯ ಶುಲ್ಕವನ್ನೋ ಉಳಿದ ಮನೆಗಳು ಕೂಡಿ ಹೊತ್ತರೆ, ನಮ್ಮ ರಾಜ್ಯೋತ್ಸವ ಸಾರ್ಥಕವಾದೀತು.