ಎದೆಯೊಳಗಿನ ಪೇಸ್‌ಮೇಕರ್ ಅನ್ನು ಫೋನ್‌ನಂತೆ ವೈರ್‌ಲೆಸ್ ಚಾರ್ಜ್ ಮಾಡಬಹುದೇ?

ತಂತಿಯಿಲ್ಲದೆ ಫೋನ್ ಚಾರ್ಜ್ ಆಗುತ್ತದೆ ಎಂದಮೇಲೆ ಪೇಸ್‌ಮೇಕರ್ ಬ್ಯಾಟರಿ ಮುಗಿದಾಗ ಮತ್ತೆ ಆಪರೇಷನ್ ಏಕೆ ಬೇಕು? ಪ್ರಶ್ನೆ ಸಹಜವೇ. ಆದರೆ ಉತ್ತರ ತಿಳಿಯದೆ ಚಾರ್ಜರ್ ಅನ್ನು ಎದೆಯ ಮೇಲಿಟ್ಟುಕೊಂಡರೆ ಅಪಾಯ. ಹಾಗಾಗಿ ಒಂದೊಂದಾಗಿ ನೋಡೋಣ.

ಇದು ಕೆಲಸ ಮಾಡುವುದು ಹೇಗೆ?

ತಂತಿಯ ಸುರುಳಿಯಲ್ಲಿ ದಿಕ್ಕು ಬದಲಿಸುತ್ತಾ ವಿದ್ಯುತ್ ಹರಿದರೆ ಸುತ್ತಲೂ ಬದಲಾಗುವ ಕಾಂತಕ್ಷೇತ್ರ ಉಂಟಾಗುತ್ತದೆ. ಹತ್ತಿರದಲ್ಲಿ ಇನ್ನೊಂದು ಸುರುಳಿಯಿದ್ದರೆ ಅದರಲ್ಲೂ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ತತ್ವವಿದು. ಇದಕ್ಕೆ ಚರ್ಮ ಅಡ್ಡಿಯಲ್ಲ. ಆದರೆ ದೂರ ಹೆಚ್ಚಿದಂತೆ ತಲುಪುವ ಶಕ್ತಿ ಬೇಗ ಕುಸಿಯುತ್ತದೆ.

ದೇಹದೊಳಗೆ ಇದರ ಬಳಕೆ ಇದೆಯೇ?

ಇದೆ. ಶ್ರವಣದೋಷ ಇರುವವರಿಗೆ ಅಳವಡಿಸುವ ಕಾಕ್ಲಿಯರ್ ಇಂಪ್ಲಾಂಟ್‌ನ ಒಳಭಾಗದಲ್ಲಿ ಸಾಮಾನ್ಯವಾಗಿ ಬ್ಯಾಟರಿಯೇ ಇರುವುದಿಲ್ಲ. ಕಿವಿಯ ಹಿಂದೆ ಅಯಸ್ಕಾಂತದಿಂದ ಅಂಟಿ ನಿಲ್ಲುವ ಹೊರಗಿನ ಸುರುಳಿಯೇ ವಿದ್ಯುತ್ತನ್ನೂ ಧ್ವನಿಯ ಸಂಕೇತವನ್ನೂ ಒಳಗೆ ಕಳಿಸುತ್ತದೆ. ಪಾರ್ಕಿನ್ಸನ್ ಕಾಯಿಲೆಗೆ, ದೀರ್ಘಕಾಲದ ಬೆನ್ನುನೋವಿಗೆ ಅಳವಡಿಸುವ ಕೆಲವು ಸಾಧನಗಳನ್ನೂ ಹೊರಗಿನಿಂದ ಚಾರ್ಜ್ ಮಾಡುತ್ತಾರೆ. ಅದಕ್ಕೆ ಆಯಾ ಸಾಧನದ್ದೇ ಚಾರ್ಜರ್ ಬೇಕು.

ಹಾಗಾದರೆ ಪೇಸ್‌ಮೇಕರ್‌ಗೆ ಏಕಿಲ್ಲ?

1958ರಲ್ಲಿ ಸ್ವೀಡನ್‌ನಲ್ಲಿ ಆರ್ನೆ ಲಾರ್ಸನ್ ಅವರಿಗೆ ಅಳವಡಿಸಿದ ಮೊದಲ ಪೇಸ್‌ಮೇಕರ್ ಹೊರಗಿನಿಂದ ಚಾರ್ಜ್ ಆಗುವಂಥದ್ದೇ ಆಗಿತ್ತು! ಅದು ಕೆಲವೇ ಗಂಟೆಗಳಲ್ಲಿ ಕೆಟ್ಟಿತು. ಮುಂದೆ 1972ರಿಂದ ಲಿಥಿಯಂ-ಅಯೋಡಿನ್ ಬ್ಯಾಟರಿಗಳು ಬಂದವು. ಚಾರ್ಜ್ ಮಾಡದೆಯೇ ಇವು ಹಲವು ವರ್ಷ ಬಾಳುತ್ತವೆ. ಚಾರ್ಜ್ ಮಾಡಲು ಮರೆತರೆ ಹೃದಯಕ್ಕೇ ತೊಂದರೆ ಎಂಬ ಚಿಂತೆಯೂ ತಪ್ಪಿತು. ಅಂದಹಾಗೆ, ಹಲವು ಬಾರಿ ಪೇಸ್‌ಮೇಕರ್ ಬದಲಿಸಿಕೊಂಡ ಲಾರ್ಸನ್ 2001ರವರೆಗೆ, 86 ವರ್ಷ ಬದುಕಿದ್ದರು.

ಫೋನ್ ಚಾರ್ಜರ್ ಇಟ್ಟರೆ ಏನಾಗುತ್ತದೆ?

ಪೇಸ್‌ಮೇಕರ್ ಚಾರ್ಜ್ ಆಗುವುದಿಲ್ಲ. ಬದಲಿಗೆ, ಬಲವಾದ ಅಯಸ್ಕಾಂತ ತೀರಾ ಹತ್ತಿರ ಬಂದರೆ ಅದರ ಕೆಲಸದ ರೀತಿ ತಾತ್ಕಾಲಿಕವಾಗಿ ಬದಲಾಗಬಹುದು. ಐಸಿಡಿ ಎಂಬ ಸಾಧನವಾದರೆ, ಜೀವ ಉಳಿಸುವ ಶಾಕ್ ಕೊಡುವುದನ್ನೇ ನಿಲ್ಲಿಸಬಹುದು. ಫೋನ್ ಅನ್ನು 15 ಸೆಂ.ಮೀ.ಗಿಂತ ದೂರ, ವೈರ್‌ಲೆಸ್ ಚಾರ್ಜ್ ಆಗುತ್ತಿದ್ದರೆ 30 ಸೆಂ.ಮೀ.ಗಿಂತ ದೂರ ಇಡಿ ಎನ್ನುತ್ತದೆ ಆಪಲ್ ಕಂಪನಿ.

ನೆನಪಿಡಿ

ಫೋನ್ ಬಳಸಲು ಹೆದರಬೇಕಿಲ್ಲ. ಅಂಗಿಯ ಎದೆಜೇಬಿನಲ್ಲಿ ಮಾತ್ರ ಇಡಬೇಡಿ. ಪೇಸ್‌ಮೇಕರ್ ಇಲ್ಲದ ಬದಿಯ ಕಿವಿಗೆ ಹಿಡಿದು ಮಾತಾಡಿ. ಬ್ಯಾಟರಿ ಎಷ್ಟು ಉಳಿದಿದೆ ಎಂಬುದು ಆಸ್ಪತ್ರೆಯ ತಪಾಸಣೆಯಲ್ಲಿ ಗೊತ್ತಾಗುತ್ತದೆ, ಅದನ್ನು ತಪ್ಪಿಸಬೇಡಿ. ನಿಮ್ಮ ಬಂಧುಗಳಲ್ಲಿ ಪೇಸ್‌ಮೇಕರ್ ಇರುವವರಿದ್ದರೆ ಈ ಮಾಹಿತಿಯನ್ನು ಅವರಿಗೆ ತಲುಪಿಸಿ.