ಖಾಲಿ ಕಾಡತೂಸನ್ನು ಹುಣಸೆಹುಳಿಯಲ್ಲಿ ತೊಳೆದು ಮತ್ತೆ ಬಳಸಬಹುದೇ?

ಜೋಯಿಡಾ ತಾಲ್ಲೂಕಿನ ಕ್ಯಾಸಲ್‌ರಾಕ್ ಗೋವಾ ಗಡಿಯ ರೈಲು ನಿಲ್ದಾಣ. ಸುತ್ತ ಸಹ್ಯಾದ್ರಿಯ ಕಾಡು, ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಇಂಥ ಕಾಡಂಚಿನ ಊರುಗಳಲ್ಲಿ ಹಾರಿಸಿ ಬಿಟ್ಟ ಹಿತ್ತಾಳೆಯ ಕಾಡತೂಸು ಯಾರ ಕಣ್ಣಿಗಾದರೂ ಬೀಳಬಹುದು. ಅಮೆರಿಕದವರು ಇಂಥ ಖಾಲಿ ಕೇಸ್‌ಗಳನ್ನು ತೊಳೆದು, ಮನೆಯಲ್ಲೇ ಮತ್ತೆ ಮದ್ದು ತುಂಬುವ ವಿಡಿಯೊಗಳು ಮೊಬೈಲಿನಲ್ಲಿ ಸಿಗುತ್ತವೆ. 'ಹಿತ್ತಾಳೆ ತಾನೇ, ಹುಣಸೆಹಣ್ಣು ಹಾಕಿ ಉಜ್ಜಿದರೆ ಹೊಸದಾಗುತ್ತದೆ' ಎಂಬ ಮಾತು ಹುಟ್ಟುವುದು ಹೀಗೆ. ಇದರಲ್ಲಿ ನಿಜವೆಷ್ಟು, ಸುಳ್ಳೆಷ್ಟು ನೋಡೋಣ.

ಕಾಡತೂಸಿನಲ್ಲಿ ಏನೇನಿರುತ್ತದೆ?

ಕಾಡತೂಸಿನಲ್ಲಿ ನಾಲ್ಕು ಭಾಗಗಳಿವೆ: ಹೊರಗಿನ ಕೇಸ್, ತಳದಲ್ಲಿರುವ ಪ್ರೈಮರ್, ಒಳಗಿನ ಮದ್ದು, ಮುಂದಿನ ಗುಂಡು. ಕುದುರೆ ಎಳೆದಾಗ ಪ್ರೈಮರ್ ಸಿಡಿದು ಮದ್ದಿಗೆ ಕಿಡಿ ಹತ್ತುತ್ತದೆ. ಗುಂಡು ಹಾರಿಹೋದ ಮೇಲೆ ಉಳಿಯುವುದು ಕೇಸ್ ಮಾತ್ರ. ಇದರ ಹಿತ್ತಾಳೆಯಲ್ಲಿ ಸಾಮಾನ್ಯವಾಗಿ 70 ಪಾಲು ತಾಮ್ರ, 30 ಪಾಲು ಸತು. ರೈಫಲ್ ಹಾರಿದಾಗ ಒಳಗೆ 3,000 ವಾತಾವರಣಗಳಿಗೂ ಹೆಚ್ಚಿನ ಒತ್ತಡ ಏಳುತ್ತದೆ. ಹಿತ್ತಾಳೆ ಹಿಗ್ಗಿ ನಳಿಗೆಯ ಗೋಡೆಗೆ ಅಂಟಿಕೊಂಡು, ಅನಿಲ ಹಿಂದಕ್ಕೆ ನುಗ್ಗದಂತೆ ತಡೆಯುತ್ತದೆ. ಬಂದೂಕು ಹಿಡಿದವರ ಮುಖ, ಕಣ್ಣು ಉಳಿಯುವುದು ಈ ತೆಳು ಗೋಡೆಯಿಂದ.

ಮರುಬಳಕೆಗೆ ಅನುಮತಿ ಇರುವ ದೇಶಗಳಲ್ಲಿ ಏನು ಮಾಡುತ್ತಾರೆ?

ತೊಳೆಯುವುದು ಒಂದು ಹಂತ ಮಾತ್ರ. ಮೊದಲು ಪ್ರತಿ ಕೇಸನ್ನೂ ಬಿರುಕಿಗಾಗಿ ಪರೀಕ್ಷಿಸುತ್ತಾರೆ. ಹಳೆಯ ಪ್ರೈಮರ್ ತೆಗೆಯುತ್ತಾರೆ. ಹಿಗ್ಗಿದ ಕೇಸನ್ನು ಅಚ್ಚಿನಲ್ಲಿ ಒತ್ತಿ ಹಳೆಯ ಅಳತೆಗೆ ತರುತ್ತಾರೆ. ಪ್ರತಿ ಸಲವೂ ಹಿತ್ತಾಳೆ ಮುಂದಕ್ಕೆ ಸರಿದು ಕೇಸ್ ಉದ್ದವಾಗುವುದರಿಂದ, ಹೆಚ್ಚಾದ ತುದಿಯನ್ನು ಕತ್ತರಿಸುತ್ತಾರೆ. ಹಿಗ್ಗಿ ಕುಗ್ಗಿದ ಹಿತ್ತಾಳೆ ಬಾಗಿಸಿ ಬಾಗಿಸಿ ಗಡುಸಾದ ತಂತಿಯಂತೆ ಬಿರುಸಾಗುತ್ತದೆ. ಅದಕ್ಕೇ ಕತ್ತಿನ ಭಾಗವನ್ನಷ್ಟೇ ಕಾಯಿಸಿ ಮೆದು ಮಾಡುತ್ತಾರೆ. ಶಾಖ ತಳಕ್ಕೂ ಇಳಿದರೆ ತಳ ಮೆದುವಾಗಿ, ಕೇಸೇ ಅಪಾಯಕಾರಿಯಾಗುತ್ತದೆ.

ಎಲ್ಲ ಕೇಸ್‌ಗಳೂ ಮರುಬಳಕೆಗೆ ಬರುವುದಿಲ್ಲ. ಎನ್‌ಸಿಸಿ ಕೆಡೆಟ್‌ಗಳು ಅಭ್ಯಾಸಕ್ಕೆ ಬಳಸುವ .22 ರೈಫಲ್‌ನ ಕಾಡತೂಸಿನಲ್ಲಿ ಪ್ರತ್ಯೇಕ ಪ್ರೈಮರ್ ಇಲ್ಲ. ಸಿಡಿಯುವ ವಸ್ತು ತಳದ ಅಂಚಿನೊಳಗೇ ಇರುತ್ತದೆ. ಹಾರಿಸಿದಾಗ ಅಂಚು ಜಜ್ಜಿಹೋಗುತ್ತದೆ, ಆಮೇಲೆ ಅದು ಗುಜರಿ. ಆದರೂ ಮೈದಾನದಲ್ಲಿ ಖಾಲಿ ಕೇಸ್‌ಗಳನ್ನು ಎಣಿಸಿ ಹಿಂದಿರುಗಿಸಬೇಕು. ಎಷ್ಟು ಹಾರಿತು, ಎಷ್ಟು ಉಳಿಯಿತು ಎಂಬ ಲೆಕ್ಕ ಅದರಿಂದಲೇ ಸಿಗುತ್ತದೆ.

ಹುಣಸೆಹುಳಿ ಏನು ಮಾಡುತ್ತದೆ?

ಹುಣಸೆಯ ಟಾರ್ಟಾರಿಕ್ ಆಮ್ಲ ಹಿತ್ತಾಳೆಯ ಮೇಲಿನ ಕಪ್ಪು ಪದರವನ್ನು ಕರಗಿಸುತ್ತದೆ. ಪೂಜೆಯ ತಂಬಿಗೆ ಹೊಳೆಯುವುದು ಇದರಿಂದಲೇ. ಹುಳಿಯಲ್ಲಿ ಹೆಚ್ಚು ಹೊತ್ತು ನೆನೆಸಿದರೆ ಮೇಲ್ಮೈಯ ಸತು ಕರಗಿ, ತಾಮ್ರ ಉಳಿದು, ಹಿತ್ತಾಳೆ ಕೆಂಪಾಗಿ ಕಾಣುತ್ತದೆ. ತಂಬಿಗೆಗೆ ಅದರಿಂದ ದೊಡ್ಡ ನಷ್ಟವಿಲ್ಲ. ಒತ್ತಡ ತಡೆಯಬೇಕಾದ ಕೇಸ್‌ಗೆ ಅದು ದುರ್ಬಲತೆಯ ಗುರುತು. ಹೊಳಪು ಬಂದಿತೆಂದರೆ ಗಟ್ಟಿಯಾಯಿತೆಂದಲ್ಲ. ಒಳಗಿನ ಬಿರುಕು ಹೊಳೆಯುವ ಕೇಸಿನಲ್ಲೂ ಇರಬಹುದು.

ಭಾರತದ ಮಳೆಗಾಲವೇ ಕಲಿಸಿದ ಪಾಠ

ಬ್ರಿಟಿಷ್ ಸೇನೆ ಇಲ್ಲಿದ್ದಾಗ ಮಳೆಗಾಲದಲ್ಲಿ ಕಾಡತೂಸುಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿತ್ತು. ಮಳೆ ಮುಗಿದು ನೋಡಿದರೆ, ಹಾರಿಸದ ಕೇಸ್‌ಗಳೇ ಬಿರುಕು ಬಿಟ್ಟಿರುತ್ತಿದ್ದವು. ಕುದುರೆ ಮೂತ್ರದಿಂದ ಏಳುವ ಅಮೋನಿಯಾ, ತೇವ, ತಯಾರಿಕೆಯಲ್ಲಿ ಲೋಹದೊಳಗೆ ಉಳಿದ ಬಿಗುವು, ಈ ಮೂರೂ ಸೇರಿದ್ದೇ ಕಾರಣವೆಂದು 1921ರ ಸಂಶೋಧನೆ ವಿವರಿಸಿತು. ತಯಾರಿಸಿದ ಮೇಲೆ ಹದವಾಗಿ ಕಾಯಿಸಿ ಆ ಬಿಗುವನ್ನು ಕಳೆಯುವುದೇ ಪರಿಹಾರವಾಯಿತು. ದನದ ಕೊಟ್ಟಿಗೆಯ ಗಾಳಿಯಲ್ಲೂ ಅಮೋನಿಯಾ ಇರುತ್ತದೆ, ಕೆಲವು ಪಾಲಿಶ್‌ಗಳಲ್ಲೂ ಇರುತ್ತದೆ. ಸಹ್ಯಾದ್ರಿಯ ಮಳೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಕೇಸನ್ನು ನಂಬಬಾರದು ಎನ್ನಲು ಇಷ್ಟು ಸಾಕು.

ಅಡುಗೆಮನೆಗೆ ತರಬಾರದ್ದೇಕೆ?

ಹೆಚ್ಚಿನ ಪ್ರೈಮರ್‌ಗಳಲ್ಲಿ ಸೀಸದ ಸಂಯುಕ್ತವಿರುತ್ತದೆ. ಹಾರಿದ ಮೇಲೆ ಅದರ ಮಸಿ ಕೇಸಿನ ಒಳಗೆ ಅಂಟಿಕೊಂಡಿರುತ್ತದೆ. ತೊಳೆದ ನೀರು, ಉಜ್ಜಿದ ಬಟ್ಟೆ, ಎದ್ದ ಧೂಳು ಎಲ್ಲದರಲ್ಲೂ ಸೀಸ ಸೇರುತ್ತದೆ. ಸೀಸಕ್ಕೆ ಸುರಕ್ಷಿತವೆಂಬ ಮಟ್ಟವೇ ಗೊತ್ತಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಕ್ಕಳ ಮೆದುಳಿನ ಬೆಳವಣಿಗೆಗೆ ಅದು ಹೆಚ್ಚು ಹಾನಿ ಮಾಡುತ್ತದೆ. ಕೇಸನ್ನು ಪೀಪಿಯಂತೆ ಊದಲು ಮಗುವಿನ ಕೈಗೆ ಕೊಡುವುದು ಸರಿಯಲ್ಲ.

ಕಾನೂನು ಏನು ಹೇಳುತ್ತದೆ?

1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಕಾಡತೂಸಿನ ಭಾಗಗಳೂ ಮದ್ದುಗುಂಡಿನ ವ್ಯಾಖ್ಯೆಯೊಳಗೇ ಬರುತ್ತವೆ. ಬೇರೆ ಭಾಗಗಳೊಂದಿಗೆ ಜೋಡಿಸುವ ಉದ್ದೇಶವಿಲ್ಲದ ಸಣ್ಣ ಭಾಗಗಳಿಗೆ 45ನೇ ಸೆಕ್ಷನ್ ವಿನಾಯಿತಿ ಕೊಡುತ್ತದೆ. ಮತ್ತೆ ತುಂಬುವ ಉದ್ದೇಶ ಬಂದೊಡನೆ ಆ ಆಸರೆ ತಪ್ಪುತ್ತದೆ. ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದನ್ನು 5ನೇ ಸೆಕ್ಷನ್ ನಿಷೇಧಿಸಿದೆ. 2019ರ ತಿದ್ದುಪಡಿಯ ನಂತರ ಇದಕ್ಕೆ ಕನಿಷ್ಠ 7 ವರ್ಷದಿಂದ ಜೀವಾವಧಿಯವರೆಗೆ ಜೈಲು. 'ಕೊಡಗಿನವರಿಗೆ ವಿನಾಯಿತಿ ಇದೆಯಲ್ಲ?' ಎಂದು ಕೇಳಬಹುದು. ಕೊಡವರು ಮತ್ತು ಜಮ್ಮಾ ಹಿಡುವಳಿದಾರರಿಗೆ ಇರುವ ಆ ವಿನಾಯಿತಿ ಬಂದೂಕು ಹೊಂದುವುದಕ್ಕೆ ಸಂಬಂಧಿಸಿದ್ದು, ಕಾಡತೂಸು ತಯಾರಿಕೆಗೆ ಅಲ್ಲ.

ಕಾಡಿನಲ್ಲಿ ಕಂಡರೆ?

ಮುಟ್ಟಬೇಡಿ. ಬಂದೂಕಿನ ಮೊಳೆ ಬಡಿದ ಗುರುತು ಕೇಸಿನ ತಳದಲ್ಲಿ ಉಳಿದಿರುತ್ತದೆ. ಯಾವ ಬಂದೂಕಿನಿಂದ ಹಾರಿತೆಂದು ವಿಧಿವಿಜ್ಞಾನ ಪ್ರಯೋಗಾಲಯ ಅದರಿಂದ ಪತ್ತೆ ಮಾಡಬಲ್ಲದು. 2015ರಲ್ಲಿ ಧಾರವಾಡದಲ್ಲಿ ನಡೆದ ಎಂ.ಎಂ. ಕಲಬುರ್ಗಿ ಹತ್ಯೆಗೂ 2017ರಲ್ಲಿ ಬೆಂಗಳೂರಿನಲ್ಲಿ ನಡೆದ ಗೌರಿ ಲಂಕೇಶ್ ಹತ್ಯೆಗೂ ಒಂದೇ ಬಂದೂಕು ಬಳಕೆಯಾಗಿದೆ ಎಂದು ವಿಧಿವಿಜ್ಞಾನ ವರದಿ ಹೇಳಿದ್ದು ಇಂಥ ಗುರುತುಗಳ ಹೋಲಿಕೆಯಿಂದ. ಕಾಡಿನಲ್ಲಿ ಬಿದ್ದ ಕೇಸ್ ಕಳ್ಳಬೇಟೆಯ ಸಾಕ್ಷಿಯಾಗಿರಬಹುದು. ಉಜ್ಜಿ ತೊಳೆದರೆ ಆ ಸಾಕ್ಷಿ ಹಾಳಾಗುತ್ತದೆ. ಮುಂದೆ ಗುಂಡು ಕಾಣುತ್ತಿದ್ದರೆ ಅದು ಹಾರದೆ ಉಳಿದ ಕಾಡತೂಸು. ಬೆಂಕಿಗೆ ಹಾಕುವುದು, ಸುತ್ತಿಗೆಯಿಂದ ಬಡಿಯುವುದು ಪ್ರಾಣಕ್ಕೇ ಅಪಾಯ. ಜಾಗ ಗುರುತಿಟ್ಟುಕೊಂಡು ಅರಣ್ಯ ಕಚೇರಿಗೋ 112ಕ್ಕೋ ತಿಳಿಸಿ.

ಒಟ್ಟಿನಲ್ಲಿ: ಹುಣಸೆಹುಳಿ ಹಿತ್ತಾಳೆಯನ್ನು ಹೊಳಪಿಸುತ್ತದೆ ಎಂಬುದು ನಿಜ. ಅದರಿಂದ ಹಳೆಯ ಕಾಡತೂಸು ಹೊಸದಾಗುತ್ತದೆ ಎಂಬುದು ಸುಳ್ಳು.