ಸಿಂಗಳೀಕದ ಹೆಸರಲ್ಲಿ ಉಳಿದ ಜಡ್ಡಿ

ಇಡಗುಂಜಿಯ ಸ್ಥಳಪುರಾಣ ಆ ಜಾಗವನ್ನು ಕುಂಜವನ ಎನ್ನುತ್ತದೆ. ಶರಾವತಿಯ ಎಡದಂಡೆಯ ಆ ಕಾಡಿಗೆ ವಾಲಖಿಲ್ಯ ಋಷಿಗಳು ತಪಸ್ಸಿಗೆ ಬಂದರು; ಗಣಪತಿ ಬಂದು ನೆಲೆಸುವ ಮೊದಲೇ ಅಲ್ಲಿ ಚಕ್ರತೀರ್ಥ, ಬ್ರಹ್ಮತೀರ್ಥಗಳಿದ್ದವಂತೆ. ಕಾಡಿದ್ದಲ್ಲಿ ನೀರು ಎಂಬುದು ಈ ಸೀಮೆಯಲ್ಲಿ ಬರೀ ಪುರಾಣವಲ್ಲ. ಇಲ್ಲಿಂದ ಹೊನ್ನಾವರ–ತುಮಕೂರು ಹೆದ್ದಾರಿ ಹಿಡಿದು, ಗೇರುಸೊಪ್ಪ ದಾಟಿ ಘಟ್ಟ ಹತ್ತಿದರೆ ಕತ್ತಲೆಕಾನು. ಅಲ್ಲಿನ ರಾಮಪತ್ರೆ ಜಡ್ಡಿಗಳಲ್ಲಿ ಬೇಸಿಗೆಯಲ್ಲೂ ಒರತೆ ಜಿನುಗುತ್ತಿರುತ್ತದೆ.

ಜಡ್ಡಿಯೆಂದರೆ ಕಾಡಿನ ನಡುವಿನ ತಗ್ಗು, ಸದಾ ಕೆಸರು. ಆ ಕೆಸರಿನಲ್ಲಿ ಬೇರಿಗೆ ಗಾಳಿ ಸಿಗುವುದಿಲ್ಲ. ಹಾಗಾಗಿ ರಾಮಪತ್ರೆಯ ಬಳಗದ ಮರಗಳು ಬೇರನ್ನು ಮಡಚಿದ ಮಂಡಿಯಂತೆ ಮೇಲೆತ್ತಿ ಉಸಿರಾಡುತ್ತವೆ. ಕೆಲವು ಊರುಗೋಲಿನಂಥ ಬೇರುಗಳ ಮೇಲೆ ನಿಂತಿರುತ್ತವೆ. ಕೆಸರು ಒಣಗಿದರೆ ಇವುಗಳ ಸಸಿ ಏಳುವುದಿಲ್ಲ. ಗೇರಿನ ಕುಟುಂಬದ ಒಂದು ಹೊಸ ಮರವನ್ನು 2000ರಲ್ಲಿ ವಿಜ್ಞಾನಿಗಳು ಇಲ್ಲಿಂದಲೇ ದಾಖಲಿಸಿ, ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಊರಿನ ಹೆಸರನ್ನೇ ಇಟ್ಟರು.

ಜಡ್ಡಿಗಳಿಗೆ ಮುಳುವಾದದ್ದು ಅವುಗಳ ನೀರೇ. ವರ್ಷವಿಡೀ ತೇವವಿರುವ ನೆಲ ಕಂಡರೆ ಗದ್ದೆ ಮಾಡುವವರು, ಅಡಿಕೆ ಹಾಕುವವರು ಬಿಟ್ಟಾರೆಯೇ? ಅದನ್ನು ದುರಾಸೆ ಎನ್ನುವುದು ಸುಲಭ. ಬದುಕು ಕಟ್ಟಿಕೊಳ್ಳಲು ಬಂದವರಿಗೆ ಅದಕ್ಕಿಂತ ಒಳ್ಳೆಯ ಜಾಗ ಬೇರೆಲ್ಲಿತ್ತು? ಹೀಗೆ ತಲೆಮಾರುಗಳಲ್ಲಿ ಕಣಿವೆಯ ತಗ್ಗುಗಳು ತೋಟಗಳಾದವು. ಉಳಿದದ್ದು ಚೂರುಪಾರು.

ಆ ಚೂರುಗಳಿಗೆ ರಕ್ಷಣೆ ಸಿಕ್ಕಿದ್ದು ನೀರಿನ ಹೆಸರಲ್ಲಲ್ಲ, ಮಂಗನ ಹೆಸರಲ್ಲಿ. 2011ರಲ್ಲಿ 299.52 ಚದರ ಕಿಲೋಮೀಟರ್ ಕಾಡು ‘ಅಘನಾಶಿನಿ ಸಿಂಹಬಾಲದ ಸಿಂಗಳೀಕ ಸಂರಕ್ಷಣಾ ಮೀಸಲು’ ಆಯಿತು. ಕತ್ತಲೆಕಾನು ಅದರೊಳಗೆ ಬಂತು. 2019ರಲ್ಲಿ ಅದನ್ನು 1972ರ ಶರಾವತಿ ಕಣಿವೆ ಅಭಯಾರಣ್ಯದ ಜೊತೆ ಸೇರಿಸಿ ಶರಾವತಿ ಸಿಂಗಳೀಕ ಅಭಯಾರಣ್ಯ ಮಾಡಿದರು. ಫ್ಲಾರಿಡಾದಲ್ಲೂ ನಡೆದದ್ದು ಇದೇ. ಕ್ರಿಸ್ಟಲ್ ರಿವರ್ ಊರಿನ ತ್ರೀ ಸಿಸ್ಟರ್ಸ್ ಒರತೆಗಳ ನೀರು ಚಳಿಗಾಲದಲ್ಲೂ ಸುಮಾರು 22 ಡಿಗ್ರಿ ಬೆಚ್ಚಗಿರುತ್ತದೆ. ಮ್ಯಾನಟಿ ಎಂಬ ಭಾರೀ ಜಲಚರಗಳು ಅಲ್ಲಿಗೆ ಬಂದು ಚಳಿ ಕಳೆಯುತ್ತವೆ. ಸುತ್ತ ಮನೆಗಳೇಳಬೇಕಿದ್ದ ಆ ಜಾಗವನ್ನು 2010ರಲ್ಲಿ ಸಾರ್ವಜನಿಕ ಹಣದಿಂದ ಕೊಂಡು ಉಳಿಸಿದರು. ಅಲ್ಲೂ ಒರತೆಯ ಪರ ಸಾಕ್ಷಿ ಹೇಳಿದ್ದು ಪ್ರಾಣಿಯೇ. ಬರೀ ನೀರಿಗಾಗಿ ಕಾಡು ಬಿಡಿ ಎಂದರೆ ಕೇಳುವವರು ಕಡಿಮೆ.

ಈಗ ಸಿಂಗಳೀಕದ ಸಾಕ್ಷಿಯೂ ಸಾಲದಾಗಿದೆ. ಇದೇ ಅಭಯಾರಣ್ಯದಲ್ಲಿ, ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ ನೆಲದಡಿ ಸುರಂಗ ಕೊರೆದು 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಗೆ ಸರ್ಕಾರ ಹೊರಟಿದೆ. ಮರ ಎಷ್ಟು ಬೀಳುತ್ತದೆಂದು ಎಣಿಸಬಹುದು. ನೆಲದೊಳಗೆ ಒರತೆಯ ದಾರಿ ಎಲ್ಲೆಲ್ಲಿದೆ ಎಂದು ಎಣಿಸಿದವರು ಯಾರು? ಕೇಳಬೇಕಾದವರಲ್ಲಿ ಕಣಿವೆಯ ಅಡಿಕೆ ತೋಟದವರೂ ಇದ್ದಾರೆ. ಅವರ ಹಳ್ಳಕ್ಕೆ ಚೈತ್ರ, ವೈಶಾಖದಲ್ಲಿ ನೀರು ಬರಬೇಕಾದದ್ದು ಮೇಲಿನ ಕಾನಿನಿಂದಲೇ.